ಗುಜರಿಯಿಂದ ಎತ್ತಿದ ಜೋಡಿ

ಎ.ಸಿ. 127 ಮತ್ತು ಎ.ಸಿ. 128. ಹಳೆಯ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಸ್ಪೀಕರಿಗೆ ದನಿ ಕೊಡುತ್ತಿದ್ದ ಜರ್ಮೇನಿಯಂ ಜೋಡಿ ಇದು. 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ಇವನ್ನು ತಯಾರಿಸುತ್ತಿತ್ತು. ಸಿಲಿಕಾನ್ ಬಂದ ಮೇಲೆ ಜರ್ಮೇನಿಯಂ ಮೂಲೆ ಸೇರಿತು. ಅಜ್ಜನ ರೇಡಿಯೊದಲ್ಲಿ ಈ ಜೋಡಿಯಲ್ಲೊಂದು ಸುಟ್ಟುಹೋದರೆ ಸಿಲಿಕಾನಿನದನ್ನು ಹಾಗೆಯೇ ತಂದು ಕೂರಿಸಲಾಗದು. ಜರ್ಮೇನಿಯಂ ಸುಮಾರು 0.2 ವೋಲ್ಟಿಗೇ ಎಚ್ಚರವಾಗುತ್ತದೆ, ಸಿಲಿಕಾನಿಗೆ 0.6 ಬೇಕು. ಆಗ ರಿಪೇರಿಯವರು ಹುಡುಕುವುದು ಮಾತು ನಿಲ್ಲಿಸಿದ ಇನ್ನೊಂದು ರೇಡಿಯೊವನ್ನು.

ಕೆಟ್ಟ ಯಂತ್ರದಿಂದ ಪಾರ್ಟು ಎತ್ತುವ ಈ ಕಸುಬಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲವೆಂಬುದು ನನ್ನ ಅನಿಸಿಕೆ. ಯಂತ್ರ ಕೆಟ್ಟಿತು ಎನ್ನುತ್ತೇವೆ; ಬಹಳ ಸಲ ಕೆಟ್ಟಿರುವುದು ಒಂದೆರಡು ಭಾಗ ಮಾತ್ರ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಹಳೆಯ ಎಸ್.ಎಂ.ಪಿ.ಎಸ್. ಡಬ್ಬ ಬಿಚ್ಚಿದರೆ ಫ್ಯಾನು, ಡಯೋಡುಗಳು, ಹೀಟ್‌ಸಿಂಕು, ಬಳೆಗೆ ತಾಮ್ರದ ತಂತಿ ಸುತ್ತಿದಂಥ ಕಾಯಿಲುಗಳು ಸಿಗುತ್ತವೆ. ಪ್ರಿಂಟರಿನಲ್ಲಿ ಮೋಟರು, ಹಲ್ಲುಚಕ್ರ, ನುಣುಪಾದ ಉಕ್ಕಿನ ಸರಳು. ಲ್ಯಾಪ್‌ಟಾಪ್ ಬ್ಯಾಟರಿ ಹಲವು ಸೆಲ್ಲುಗಳ ಕಟ್ಟು. ಹಳೆಯ ಮಾದರಿಗಳಲ್ಲಿ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಸೆಲ್ಲುಗಳಿದ್ದವು, ಒಂದು ಸೋತರೆ ಇಡೀ ಕಟ್ಟು ಮಲಗುತ್ತಿತ್ತು. ಉಳಿದವುಗಳಲ್ಲಿ ಟಾರ್ಚಿಗಾಗುವಷ್ಟು ಕಸುವು ಇರಬಹುದು. ಆದರೆ ಉಬ್ಬಿದ, ಸೋರಿದ, ವೋಲ್ಟೇಜು ತೀರ ಕುಸಿದ ಲಿಥಿಯಂ ಸೆಲ್ಲನ್ನು ಚಾರ್ಜಿಗೆ ಹಾಕಲೇಬಾರದು. ಬೆಂಕಿ ಹತ್ತಬಹುದು.

ಯಾವುದನ್ನು ಬಿಡಬೇಕು ಎಂಬ ತಿಳಿವಳಿಕೆಯೇ ಇಲ್ಲಿ ದೊಡ್ಡದು. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಒಳಗಿನ ದ್ರವ ಶಾಖಕ್ಕೆ ವರ್ಷಗಟ್ಟಲೆ ಒಣಗುತ್ತ ಬಂದಿರುತ್ತದೆ. ಮೇಲೆ ನೋಡಲು ಚೆನ್ನಾಗಿದ್ದರೂ ಅದನ್ನು ನಂಬುವಂತಿಲ್ಲ, ಹೊಸದನ್ನೇ ಕೊಳ್ಳಬೇಕು. ರೆಸಿಸ್ಟರು ಎಷ್ಟು ಅಗ್ಗವೆಂದರೆ ಕಳಚುವ ಹೊತ್ತಿಗೂ ಬೆಲೆ ಬಾರದು. ಟ್ರಾನ್ಸ್‌ಫಾರ್ಮರು, ರಿಲೇ, ಸ್ವಿಚ್ಚು, ಈಗ ತಯಾರಾಗದ ಐ.ಸಿ., ಇವನ್ನು ಮಾತ್ರ ಬಿಡಬೇಡಿ. ತಂತಿ ಸುಟ್ಟು ತಾಮ್ರ ತೆಗೆಯುವುದು, ಆಸಿಡ್ಡಿನಲ್ಲಿ ಅದ್ದಿ ಚಿನ್ನ ತೆಗೆಯುವುದು ಈ ಕಸುಬಿನ ಭಾಗವಲ್ಲ. ಆ ಹೊಗೆ, ಆ ನೀರು ಮೊದಲು ಕೆಡಿಸುವುದು ಅದನ್ನು ಮಾಡುವವರ ಮೈಯನ್ನೇ.

ಬಿಚ್ಚುವ ಮುಂಚೆ ಒಂದು ಎಚ್ಚರ. 230 ವೋಲ್ಟಿನಲ್ಲಿ ನಡೆಯುವ ಎಸ್.ಎಂ.ಪಿ.ಎಸ್.ನ ದೊಡ್ಡ ಕೆಪಾಸಿಟರು ಪ್ಲಗ್ಗು ಕಿತ್ತ ಮೇಲೂ 320 ವೋಲ್ಟಿನಷ್ಟು ಹಿಡಿದಿಟ್ಟುಕೊಂಡಿರಬಹುದು. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವುದು ಅಪಾಯ. ತಕ್ಕ ರೆಸಿಸ್ಟರಿನ ಮೂಲಕ ಇಳಿಸಿ, ಮಲ್ಟಿಮೀಟರಿನಲ್ಲಿ ನೋಡಿಯೇ ಕೈ ಹಾಕಬೇಕು. ಡಬ್ಬಾ ಟಿ.ವಿ.ಯ ಪಿಕ್ಚರ್ ಟ್ಯೂಬಂತೂ ಕಲಿತವರ ಕೈಗೆ ಮಾತ್ರ.

ಬೆಸುಗೆ ಬಿಡಿಸುವುದಕ್ಕೂ ಒಂದು ಹದವಿದೆ. ಸೀಸ-ತವರದ ಹಳೆಯ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಸೀಸವಿಲ್ಲದ ಹೊಸ ಬೆಸುಗೆಗೆ 217 ದಾಟಬೇಕು. ಅದು ಮೊಂಡು ಹಿಡಿದರೆ ಮೇಲೆ ಸ್ವಲ್ಪ ಸೀಸದ ಬೆಸುಗೆ ಸೇರಿಸುತ್ತಾರೆ. ಎರಡೂ ಬೆರೆತು ಬೇಗ ಸಡಿಲವಾಗುತ್ತವೆ, ಬೆಸುಗೆ ಹೀರುವ ಪಂಪಿನಿಂದ ಎಳೆದರೆ ಪಾರ್ಟಿನ ಕಾಲು ಬಿಡುತ್ತದೆ. ಜರ್ಮೇನಿಯಂ ಜೋಡಿಗೆ ಇನ್ನೂ ನಾಜೂಕು ಬೇಕು, ಹೆಚ್ಚು ಬಿಸಿ ತಾಗಿದರೆ ಅದು ಸಾಯುತ್ತದೆ. ಹಾಗಾಗಿ ಬೆಸುಗೆಗೂ ಟ್ರಾನ್ಸಿಸ್ಟರಿಗೂ ನಡುವೆ ಅದರ ಕಾಲನ್ನು ನೋಸ್ ಪ್ಲೈಯರಿನಲ್ಲಿ ಕಚ್ಚಿ ಹಿಡಿಯುತ್ತಾರೆ. ಬಿಸಿಯನ್ನು ಇಕ್ಕಳ ಹೀರಿಕೊಳ್ಳುತ್ತದೆ. ಎತ್ತಿದ ಎರಡನ್ನೂ ಒಂದೇ ಪೊಟ್ಟಣಕ್ಕೆ ಹಾಕಿಡುತ್ತಾರೆ, ಜೋಡಿ ಅಗಲದ ಹಾಗೆ.