ಮಾತ್ರೆಗೆ ಮೂರು ಹೆಸರು

ಕಳೆದ ವರ್ಷ ನವರಾತ್ರಿಯ ಹೊತ್ತಿಗೆ ನಮ್ಮ ತಾಯಿಯವರು ಹುಬ್ಬಳ್ಳಿಯ ಅಕ್ಕನ ಮನೆಯಿಂದ ಮೈಸೂರಿಗೆ ಹಿಂದಿರುಗಿದರು. ಬಂದ ನಾಲ್ಕನೆಯ ದಿನ ಬೆಳಿಗ್ಗೆ ದೇವರ ಮನೆಯಿಂದ ಏಳಹೋದವರು ಕಣ್ಣು ಕತ್ತಲಿಟ್ಟು ಗೋಡೆ ಹಿಡಿದು ಕುಳಿತುಬಿಟ್ಟರು. ವಯಸ್ಸಾಯಿತು, ಪ್ರಯಾಣದ ಆಯಾಸ ಬೇರೆ ಎಂದು ನಾವು ಸಮಾಧಾನ ಮಾಡಿಕೊಂಡೆವು. ಪುಣ್ಯಕ್ಕೆ, ಅಜ್ಜಿಯನ್ನು ಬಿಟ್ಟುಹೋಗಲು ಬಂದಿದ್ದ ಅಕ್ಕನ ಮಗಳು ಇನ್ನೂ ಮನೆಯಲ್ಲಿಯೇ ಇದ್ದಳು. ಅವಳು ನರ್ಸಿಂಗ್ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿನಿ. ಅಜ್ಜಿಯ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ನಾಡಿ ಎಣಿಸಿದಳು. ನಿಮಿಷಕ್ಕೆ 48 ಬಡಿತ!

“ಅಜ್ಜೀ, ನಿಮ್ಮ ಮಾತ್ರೆಗಳ ಡಬ್ಬಿ ಎಲ್ಲಿದೆ?” ಎಂದು ಕೇಳಿದಳು.

ಹಳೆಯ ಬಿಸ್ಕತ್ತಿನ ಡಬ್ಬಿ ಹೊರಗೆ ಬಂತು. ರಕ್ತದ ಒತ್ತಡಕ್ಕೆಂದು ಮೈಸೂರಿನ ವೈದ್ಯರು ಕೊಟ್ಟಿದ್ದುದು ಗುಲಾಬಿ ಬಣ್ಣದ ಸ್ಟ್ರಿಪ್ಪು. ಹುಬ್ಬಳ್ಳಿಯಲ್ಲಿ ಎದೆ ಡವಡವ ಎಂದಾಗ ಅಲ್ಲಿಯ ವೈದ್ಯರು ಬರೆದುಕೊಟ್ಟಿದ್ದುದು ನೀಲಿಯದು. ಮೊದಲಿನಿಂದ ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ ಎಂದು ಅವರು ಕೇಳಿದ್ದರಂತೆ, ತಾಯಿಯವರು “ಬಿ.ಪಿ. ಮಾತ್ರೆ” ಎಂದಷ್ಟೇ ಹೇಳಿದ್ದರಂತೆ. ಹುಡುಗಿ ಎರಡು ಸ್ಟ್ರಿಪ್ಪುಗಳನ್ನೂ ಬೆಳಕಿಗೆ ಹಿಡಿದು ಓದಿದಳು. “ಮಾವ, ಬಣ್ಣ ಬೇರೆ, ಅಂಗಡಿಯ ಹೆಸರು ಬೇರೆ, ಆದರೆ ಮಾತ್ರೆ ಒಂದೇ. ಎರಡರಲ್ಲಿಯೂ ಇರುವುದು ಮೆಟೊಪ್ರೊಲಾಲ್. ಅಜ್ಜಿ ಎರಡರಷ್ಟು ನುಂಗುತ್ತಿದ್ದಾರೆ. ಈ ಜಾತಿಯ ಮಾತ್ರೆಯನ್ನು ನಾವಾಗಿಯೇ ಥಟ್ಟನೆ ನಿಲ್ಲಿಸಲೂ ಬಾರದು. ಎರಡನ್ನೂ ತೆಗೆದುಕೊಂಡು ಈಗಲೇ ಡಾಕ್ಟರ ಬಳಿಗೆ ಹೋಗೋಣ” ಎಂದಳು.

ವೈದ್ಯರು ಪರೀಕ್ಷಿಸಿ ಒಂದು ಮಾತ್ರೆಯನ್ನು ಕೈಬಿಡಿಸಿದರು. ವಾರದೊಳಗೆ ತಾಯಿಯವರು ಎಂದಿನಂತಾದರು. ಆ ಸಂಜೆ ಸೋದರಸೊಸೆ ನನಗೆ ಹೇಳಿಕೊಟ್ಟ ಪಾಠವೇ ಈ ಲೇಖನಕ್ಕೆ ಮೂಲ.

ಪ್ರವರ, ಹಾಜರಿ ಪುಸ್ತಕ, ಮುದ್ದಿನ ಹೆಸರು

ನಮ್ಮಲ್ಲಿ ಮಗುವಿಗೆ ಹೆಸರು ಒಂದೇ ಇರುವುದಿಲ್ಲ. ಗೋತ್ರ ಸೂತ್ರಗಳೊಡನೆ ಹೇಳುವ ಪ್ರವರ ಒಂದು. ಶಾಲೆಯ ಹಾಜರಿ ಪುಸ್ತಕದ ಹೆಸರು ಒಂದು. ಪುಟ್ಟ, ಚಿನ್ನಿ ಎಂದು ಮನೆಯವರು ಕರೆಯುವುದು ಇನ್ನೊಂದು. ಔಷಧಕ್ಕೂ ಹೀಗೆಯೇ ಮೂರು ಹೆಸರುಗಳುಂಟು.

ಮೊದಲನೆಯದು ರಾಸಾಯನಿಕ ನಾಮ. ಅದು ಪ್ರವರವಿದ್ದಂತೆ, ಅಣುವಿನ ರಚನೆಯನ್ನೆಲ್ಲ ಹೇಳುತ್ತದೆ, ನಿತ್ಯದ ಬಳಕೆಗೆ ಒದಗುವುದಿಲ್ಲ. ಎನ್-(4-ಹೈಡ್ರಾಕ್ಸಿಫಿನೈಲ್) ಅಸಿಟಮೈಡ್ ಎಂದರೆ ನಮ್ಮಲ್ಲಿ ಯಾರಿಗೆ ತಿಳಿದೀತು? ಅದು ಜ್ವರ ಬಂದಾಗ ನಾವೆಲ್ಲ ನುಂಗುವ ಪ್ಯಾರಾಸಿಟಮಾಲ್. ಈ ‘ಪ್ಯಾರಾಸಿಟಮಾಲ್’ ಎಂಬುದೇ ಎರಡನೆಯದಾದ ಜೆನೆರಿಕ್ ಹೆಸರು, ಹಾಜರಿ ಪುಸ್ತಕದ್ದು. ಮೂರನೆಯದು ತಯಾರಕರು ಇಟ್ಟ ವ್ಯಾಪಾರನಾಮ. ಕ್ರೋಸಿನ್, ಕ್ಯಾಲ್ಪಾಲ್, ಬೆಂಗಳೂರಿನ ಕಂಪೆನಿಯೊಂದು ತಯಾರಿಸುವ ಡೋಲೋ – ಇವೆಲ್ಲ ಒಂದೇ ಮಗುವಿನ ಬೇರೆ ಬೇರೆ ಮುದ್ದಿನ ಹೆಸರುಗಳು.

ಹೆಸರು ಬೇರೆಯಾದುದರಿಂದ ವಸ್ತುವೂ ಬೇರೆಯೆಂದು ಭಾವಿಸುವುದರಲ್ಲಿಯೇ ಅಪಾಯವಿರುವುದು. ಜ್ವರಕ್ಕೆ ಒಂದು ಮಾತ್ರೆ, ನೆಗಡಿಗೆ ಇನ್ನೊಂದು ಎಂದು ನುಂಗುವವರು, ನೆಗಡಿಯ ಅನೇಕ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಸೇರಿರುತ್ತದೆಂಬುದನ್ನು ಗಮನಿಸುವುದಿಲ್ಲ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಸಾಮಾನ್ಯವಾಗಿ 4 ಗ್ರಾಂ ಇದರ ಗರಿಷ್ಠ ಮಿತಿ. ಮೀರಿದರೆ ಪಿತ್ತಜನಕಾಂಗಕ್ಕೆ ಹಾನಿ.

ಹೆಸರಿಡುವವರು ಯಾರು?

ಒಂದೇ ಔಷಧವನ್ನು ಒಂದೊಂದು ದೇಶದವರು ಒಂದೊಂದು ಹೆಸರಿನಿಂದ ಕರೆದರೆ ಗತಿಯೇನು? ಇದನ್ನು ತಪ್ಪಿಸಲೆಂದು ವಿಶ್ವ ಆರೋಗ್ಯ ಸಂಸ್ಥೆಯು 1950ರಲ್ಲಿ ಅಂತರರಾಷ್ಟ್ರೀಯ ನಾಮಕರಣದ ವ್ಯವಸ್ಥೆಯೊಂದನ್ನು ನಿರ್ಧರಿಸಿತು. ಅದರ ಮೊದಲ ಪಟ್ಟಿ 1953ರಲ್ಲಿ ಪ್ರಕಟವಾಯಿತು. ಈ ಹೆಸರುಗಳು ಯಾರ ಸೊತ್ತೂ ಅಲ್ಲ. ಯಾವ ಕಂಪೆನಿಯೂ ಇವುಗಳನ್ನು ತನ್ನದೆಂದು ಹೇಳಿಕೊಳ್ಳುವಂತಿಲ್ಲ. ಹಳೆಯ ಭಿನ್ನತೆಗಳು ಕೆಲವು ಉಳಿದಿವೆ. ನಮ್ಮ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್. ಅಲ್ಲಿ ಮಕ್ಕಳ ಮನೆಗೆ ಹೋಗುವ ತಂದೆತಾಯಿಯರು ಇದನ್ನು ನೆನಪಿಡುವುದು ಒಳ್ಳೆಯದು.

ಈ ನಾಮಕರಣದಲ್ಲಿ ಒಂದು ಜಾಣ್ಮೆಯುಂಟು. ಧಾರವಾಡದ ಕಡೆ ಹಿರೇಮಠ, ಸಾಲಿಮಠ, ಚಿಕ್ಕಮಠ ಎಂಬ ಅಡ್ಡಹೆಸರುಗಳನ್ನು ಕೇಳಿದೊಡನೆ ಅವರ ಮನೆತನಕ್ಕೆ ಮಠದ ಸಂಬಂಧವಿದೆಯೆಂದು ಊಹಿಸುತ್ತೇವಲ್ಲವೆ? ಹಾಗೆಯೇ ಔಷಧದ ಹೆಸರಿನ ಕೊನೆಯಕ್ಷರಗಳು ಅದರ ಕುಲವನ್ನು ಹೇಳುತ್ತವೆ. ಮೆಟೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರನೊಲಾಲ್ – ‘ಓಲಾಲ್’ ಎಂದು ಮುಗಿಯುವ ಇವು ಹೃದಯದ ಓಟವನ್ನು ತಗ್ಗಿಸುವಂಥವು. ರಾಮಿಪ್ರಿಲ್, ಎನಲಾಪ್ರಿಲ್‌ಗಳ ‘ಪ್ರಿಲ್’ ಹಾಗೂ ಲೊಸಾರ್ಟಾನ್, ಟೆಲ್ಮಿಸಾರ್ಟಾನ್‌ಗಳ ‘ಸಾರ್ಟಾನ್’ ರಕ್ತನಾಳಗಳನ್ನು ಸಡಿಲಿಸಿ ಒತ್ತಡವನ್ನಿಳಿಸುವ ಎರಡು ಮನೆತನಗಳು. ‘ಪ್ರಝೋಲ್’ ಎಂದರೆ ಹೊಟ್ಟೆಯ ಆಮ್ಲವನ್ನು ಕಡಿಮೆ ಮಾಡುವ ಒಮೆಪ್ರಝೋಲ್, ಪ್ಯಾಂಟೊಪ್ರಝೋಲ್‌ಗಳ ವಂಶ.

ಇದು ಬರಿಯ ಬಾಯಿಪಾಠದ ಸೌಕರ್ಯವಲ್ಲ. ಕೆಲವೊಮ್ಮೆ ಜೀವದ ಪ್ರಶ್ನೆ. ಪೆನಿಸಿಲಿನ್ ಒಗ್ಗದವರಿಗೆ ಅಮಾಕ್ಸಿಸಿಲಿನ್, ಆಂಪಿಸಿಲಿನ್‌ಗಳೂ ಒಗ್ಗದೆ ಹೋಗಬಹುದು. ‘ಸಿಲಿನ್’ ಎಂಬ ಬಾಲ ಕಂಡೊಡನೆ ದಾದಿಯ ಕೈ ನಿಲ್ಲಬೇಕು. ವ್ಯಾಪಾರನಾಮದಲ್ಲಿ ಆ ಬಾಲ ಕಾಣಲೇಬೇಕೆಂಬ ನಿಯಮವಿಲ್ಲ.

ಬಾಲವನ್ನು ನೋಡಿ ಮೋಸಹೋಗುವುದೂ ಉಂಟು. ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್‌ಗಳು ಕೊಲೆಸ್ಟರಾಲಿನ ಔಷಧಗಳು. ನಿಸ್ಟಾಟಿನ್ ಆ ಕುಲದ್ದಲ್ಲ. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಎಲಿಜಬೆತ್ ಹೇಝನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು 1950ರಲ್ಲಿ ಪ್ರಕಟಪಡಿಸಿದ ಶಿಲೀಂಧ್ರನಾಶಕವದು. ಆ ರಾಜ್ಯದ ಹೆಸರನ್ನೇ ಚಿಕ್ಕದು ಮಾಡಿ ಅದಕ್ಕಿಟ್ಟರು. ಕೊಲೆಸ್ಟರಾಲಿನ ಕುಲಕ್ಕೆ ಸರಿಯಾದ ಗುರುತು ‘ವಾಸ್ಟಾಟಿನ್’.

ಒಂದೇ ಔಷಧ, ಎರಡು ಮನೆ

ಹೆಸರಾದ ಮೇಲೆ ವರ್ಗೀಕರಣ. ಔಷಧಗಳನ್ನು ಯಾವ ಅಂಗದ ಮೇಲೆ ಕೆಲಸ ಮಾಡುತ್ತವೆ, ಯಾವ ರೋಗಕ್ಕೆ ಉಪಯೋಗ, ರಾಸಾಯನಿಕವಾಗಿ ಯಾವ ಗುಂಪು ಎಂದು ವಿಂಗಡಿಸುತ್ತಾರೆ. ಈ ಮೂರನ್ನೂ ಸೇರಿಸಿದ ‘ಎಟಿಸಿ’ ಪದ್ಧತಿ ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ಅದರಲ್ಲಿ ದೇಹದ ಅಂಗವ್ಯೂಹಗಳಿಗೆ ತಕ್ಕಂತೆ 14 ದೊಡ್ಡ ವಿಭಾಗಗಳು. ಸಿಹಿಮೂತ್ರ ರೋಗದ ಮೆಟ್‌ಫಾರ್ಮಿನ್‌ನ ಗುರುತು ‘ಎ10ಬಿಎ02’. ‘ಎ’ ಎಂದರೆ ಜೀರ್ಣಾಂಗ ಮತ್ತು ಚಯಾಪಚಯ. ‘10’ ಎಂದರೆ ಸಿಹಿಮೂತ್ರದ ಔಷಧಗಳು. ಉಳಿದ ಅಕ್ಷರ, ಅಂಕೆಗಳು ಗುಂಪು, ಉಪಗುಂಪು, ಕೊನೆಗೆ ಔಷಧ. ಅಂಚೆಯ ವಿಳಾಸದಲ್ಲಿ ಜಿಲ್ಲೆ, ಊರು, ಬೀದಿ, ಮನೆ ಎಂದು ಬರುವಂತೆಯೇ ಸರಿ.

ಆಸ್ಪಿರಿನ್ನಿಗೆ ಇಂತಹ ವಿಳಾಸಗಳು ಒಂದಕ್ಕಿಂತ ಹೆಚ್ಚು. ಹೆಚ್ಚಿನ ಪ್ರಮಾಣದಲ್ಲಿ ಅದು ನೋವು, ಜ್ವರಗಳ ಔಷಧ. ಅಲ್ಪ ಪ್ರಮಾಣದಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. ಹೃದ್ರೋಗಿಗೆ ಕೊಟ್ಟ ಚಿಕ್ಕ ಮಾತ್ರೆಯನ್ನು “ತಲೆನೋವಿನದಲ್ಲವೆ, ನನಗೆ ನೋವಿಲ್ಲವಲ್ಲ” ಎಂದು ಬಿಟ್ಟುಬಿಡುವುದು ಎಷ್ಟು ತಪ್ಪೆಂಬುದು ಇದರಿಂದ ಸ್ಪಷ್ಟ.

ಕಾನೂನು ಬೇರೊಂದು ಬಗೆಯಲ್ಲಿ ವಿಂಗಡಿಸುತ್ತದೆ. ನಮ್ಮ ದೇಶದ 1945ರ ಔಷಧ ನಿಯಮಗಳಲ್ಲಿ ‘ಷೆಡ್ಯೂಲ್ ಎಚ್’ ಎಂಬ ಪಟ್ಟಿಯವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. 2013ರಲ್ಲಿ ಸೇರಿಸಿದ ‘ಎಚ್1’ ಪಟ್ಟಿಯವನ್ನು ಕೊಂಡವರ ಮತ್ತು ಬರೆದುಕೊಟ್ಟ ವೈದ್ಯರ ಹೆಸರುಗಳನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿಡಬೇಕು. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಕಂಡರೆ, ಪಕ್ಕದ ಮನೆಯವರ ಸಲಹೆಯಿಂದ ನುಂಗುವ ಔಷಧ ಅದಲ್ಲವೆಂದು ತಿಳಿಯಬೇಕು.

ದಾದಿಯರ ಪಾಠ, ಮನೆಯವರ ಪಾಠ

ಹೆಸರುಗಳ ಹೋಲಿಕೆಯಿಂದ ನುರಿತವರೂ ಎಡವಿದ್ದಾರೆ. ಒಮೆಪ್ರಝೋಲ್ ಅಮೆರಿಕದಲ್ಲಿ ಮೊದಲು ‘ಲೊಸೆಕ್’ ಎಂಬ ಹೆಸರಿನಲ್ಲಿ ಬಂದಾಗ, ಮೂತ್ರ ಹೆಚ್ಚಿಸುವ ‘ಲೇಸಿಕ್ಸ್’ ಜೊತೆ ಅದು ಗೊಂದಲವಾಯಿತು. 1990ರಲ್ಲಿ ‘ಪ್ರೈಲೊಸೆಕ್’ ಎಂದು ಅದರ ಹೆಸರನ್ನೇ ಬದಲಿಸಬೇಕಾಯಿತು. ಆದುದರಿಂದಲೇ ದಾದಿಯರಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಚೀಟಿಯನ್ನು ಔಷಧ ತೆಗೆಯುವಾಗ ಒಮ್ಮೆ, ಅಳೆಯುವಾಗ ಒಮ್ಮೆ, ಕೊಡುವ ಮುನ್ನ ಇನ್ನೊಮ್ಮೆ ಓದಬೇಕು.

ಮನೆಯವರೂ ಇದರಲ್ಲಿ ಸ್ವಲ್ಪವನ್ನು ಕಲಿಯಬಹುದು. 2018ರಲ್ಲಿ ನಿಯಮಗಳಿಗೆ ತಿದ್ದುಪಡಿಯಾಗಿ, ಒಂದೇ ಔಷಧವಿರುವ ಮಾತ್ರೆಗಳ ಮೇಲೆ ಜೆನೆರಿಕ್ ಹೆಸರು ವ್ಯಾಪಾರನಾಮಕ್ಕಿಂತ ದೊಡ್ಡದಾಗಿರಬೇಕೆಂದು ವಿಧಿಸಲಾಯಿತು. ಅಚ್ಚಿನಲ್ಲಿ ದೊಡ್ಡದಾದರೂ ನಮ್ಮ ಕಣ್ಣು ಹೋಗುವುದು ಬಣ್ಣದ ಕಡೆಗೆ. ಸ್ಟ್ರಿಪ್ಪನ್ನು ಕತ್ತರಿಸುವಾಗ ಹೆಸರಿರುವ ಭಾಗವನ್ನು ಉಳಿಸಿಕೊಳ್ಳಿ. ಹೊಸ ಮಾತ್ರೆ ಮನೆಗೆ ಬಂದೊಡನೆ ಜೆನೆರಿಕ್ ಹೆಸರನ್ನು ಹಳೆಯವುಗಳೊಡನೆ ಹೋಲಿಸಿ; ಎರಡು ಕಡೆ ಒಂದೇ ಹೆಸರು, ಅಥವಾ ಒಂದೇ ಬಾಲ ಕಂಡರೆ ವೈದ್ಯರನ್ನು ಕೇಳಿ.

ಸೋದರಸೊಸೆ ಊರಿಗೆ ಹೊರಡುವ ಮುನ್ನ ಅಜ್ಜಿಗೊಂದು ಚೀಟಿ ಬರೆದುಕೊಟ್ಟಳು: ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾತಕ್ಕೆ. ತಾಯಿಯವರು ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಾರೆ. ಮೊನ್ನೆ ಕಣ್ಣಿನ ಡಾಕ್ಟರು “ಯಾವ ಮಾತ್ರೆ ನುಂಗುತ್ತೀರಿ, ಅಮ್ಮ?” ಎಂದು ಕೇಳಿದಾಗ, ಅವರು ಚೀಟಿಯನ್ನು ಬಿಡಿಸಿ ಮೇಜಿನ ಮೇಲಿಟ್ಟು, “ಅದರ ಹೆಸರು ನನ್ನ ನಾಲಿಗೆಗೆ ಬರುವುದಿಲ್ಲಪ್ಪ, ಇದರಲ್ಲಿದೆ, ನೀವೇ ಓದಿಕೊಳ್ಳಿ” ಎಂದರು.