ಕಣ್ಣಿಗೆ ಹೂ ಬೀಳದಂತೆ...

ಗಡಿಯಾರದ ಮುಳ್ಳುಗಳ ಮೇಲೆ ಗಾಜು ಇರುವಂತೆ ನಮ್ಮ ಕರಿಗುಡ್ಡೆಯ ಮುಂದೆ ಒಂದು ತಿಳಿಯಾದ ಪದರವಿದೆ. ಅದೇ ಕಾರ್ನಿಯಾ. ನಡುಭಾಗದಲ್ಲಿ ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಇದರಲ್ಲಿ ರಕ್ತನಾಳಗಳಿಲ್ಲ, ಹಾಗಾಗಿಯೇ ಬೆಳಕು ತಡೆಯಿಲ್ಲದೆ ಒಳಹೋಗುತ್ತದೆ.

ಭತ್ತದ ಹೊಟ್ಟು, ಪೆನ್ಸಿಲ್ ಮೊನೆ ಅಥವಾ ಉಗುರು ತಾಗಿ ಇಲ್ಲಿ ಗೀರು ಬಿದ್ದರೆ ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆದಂತೆ. ಕಾಲೇಜು ವಿದ್ಯಾರ್ಥಿಗಳಲ್ಲಿ ಇನ್ನೊಂದು ಕಾರಣವೂ ಉಂಟು: ಕಾಂಟ್ಯಾಕ್ಟ್ ಲೆನ್ಸ್ ತೆಗೆಯದೆ ಮಲಗುವುದು. ಕಣ್ಣು ಕೆಂಪಾಗುತ್ತದೆ, ನೋಯುತ್ತದೆ, ನೀರು ಸುರಿಯುತ್ತದೆ, ಬೆಳಕು ಸಹಿಸುವುದಿಲ್ಲ. ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣಿಸಬಹುದು. ಹುಣ್ಣು ಮಾಗಿದ ಮೇಲೂ ಉಳಿಯುವ ಬಿಳಿ ಕಲೆಯನ್ನೇ ಹಿರಿಯರು ‘ಕಣ್ಣಿಗೆ ಹೂ ಬಿತ್ತು’ ಎನ್ನುವುದು.

ಕ್ರಿಮಿ ಸತ್ತರೆ ಸಾಲದು

ವೈದ್ಯರು ಹುಣ್ಣನ್ನು ಮೆಲ್ಲಗೆ ಕೆರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಆಂಟಿಬಯೋಟಿಕ್ ಹನಿ ಆರಂಭಿಸುತ್ತಾರೆ. ತೀವ್ರವಾದ ಸೋಂಕಿನಲ್ಲಿ ಮೊದಲ ಎರಡು ದಿನ ಹಗಲೂ ರಾತ್ರಿ ಗಂಟೆಗೊಮ್ಮೆ ಹನಿ ಹಾಕಬೇಕಾಗುತ್ತದೆ. ಆದರೆ ಬ್ಯಾಕ್ಟೀರಿಯಾಗಳು ಮತ್ತು ಅವುಗಳೊಡನೆ ಹೋರಾಡುವ ನಮ್ಮದೇ ಬಿಳಿ ರಕ್ತಕಣಗಳು ಸ್ರವಿಸುವ ಕಿಣ್ವಗಳು ಕಾರ್ನಿಯಾವನ್ನು ಕರಗಿಸುತ್ತಿರುತ್ತವೆ. ಆದ್ದರಿಂದ ಕ್ರಿಮಿ ಕೊಲ್ಲುವ ಮದ್ದಿನ ಜೊತೆಗೆ ಕಣ್ಣನ್ನು ಕಾಪಾಡುವ ಪೂರಕ ಚಿಕಿತ್ಸೆಯೂ ಬೇಕು.

ಇದರಲ್ಲಿ ಮುಖ್ಯವಾದದ್ದು ಪಾಪೆಯನ್ನು ಹಿಗ್ಗಿಸುವ ಹನಿ. ಸೋಂಕಿನಿಂದ ಕಣ್ಣೊಳಗಿನ ಸ್ನಾಯು ಸೆಟೆದುಕೊಂಡು ನೋವು ಹೆಚ್ಚುತ್ತದೆ. ಅಟ್ರೊಪಿನ್ ಅಥವಾ ಹೋಮಟ್ರೊಪಿನ್ ಹನಿ ಅದಕ್ಕೆ ವಿಶ್ರಾಂತಿ ಕೊಟ್ಟು, ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಳ್ಳದಂತೆ ತಡೆಯುತ್ತದೆ. ಇದರಿಂದ ಹತ್ತಿರದ ಅಕ್ಷರ ಮಂಜಾಗುತ್ತದೆ. ಹೋಮಟ್ರೊಪಿನ್ ಪ್ರಭಾವ ಒಂದೆರಡು ದಿನ ಇದ್ದರೆ, ಅಟ್ರೊಪಿನ್‌ನದು ವಾರ ದಾಟಬಹುದು. ‘ಓದಲು ಆಗುತ್ತಿಲ್ಲ’ ಎಂದು ಮಗು ಅತ್ತರೆ ಹನಿ ನಿಲ್ಲಿಸಬೇಡಿ. ಪರೀಕ್ಷೆ ಹತ್ತಿರವಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಕಣ್ಣಿನ ಒತ್ತಡ ಏರಿದರೆ ಟಿಮೊಲೊಲ್ ಹನಿ ಅಥವಾ ಅಸೆಟಜೊಲಮೈಡ್ ಮಾತ್ರೆ ಕೊಡುವುದುಂಟು. ಟಿಮೊಲೊಲ್ ಉಬ್ಬಸವನ್ನು ಕೆರಳಿಸಬಲ್ಲದು. ಮಗುವಿಗೆ ಉಬ್ಬಸವಿದ್ದರೆ ಮುಚ್ಚಿಡಬೇಡಿ. ಕಾರ್ನಿಯಾ ಕರಗುತ್ತಿದ್ದರೆ ಕಿಣ್ವಗಳನ್ನು ತಡೆಯಲು ದೊಡ್ಡವರಿಗೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಸಣ್ಣ ತೂತಾದರೆ ವೈದ್ಯಕೀಯ ಅಂಟಿನಿಂದ ಮುಚ್ಚುತ್ತಾರೆ. ಅದೂ ಸಾಲದಿದ್ದರೆ ದಾನಿಯ ಕಾರ್ನಿಯಾ ಕಸಿಯೇ ಗತಿ.

ಸ್ಟೆರಾಯ್ಡ್: ಎರಡು ಅಲಗಿನ ಕತ್ತಿ

ಸ್ಟೆರಾಯ್ಡ್ ಹನಿ ಹಾಕಿದರೆ ಕೆಂಪು ಇಳಿಯುತ್ತದೆ. ವಾಸಿಯಾಯಿತೆಂಬ ಭ್ರಮೆ ಹುಟ್ಟುತ್ತದೆ. ಇದು ಕಲೆಯನ್ನು ಕಡಿಮೆ ಮಾಡೀತೇ ಎಂದು ತಿಳಿಯಲು 2006ರಿಂದ 500 ರೋಗಿಗಳ ಮೇಲೆ ಅಧ್ಯಯನ ನಡೆಯಿತು. ಅವರಲ್ಲಿ ಬಹುಪಾಲು ಮಂದಿ ತಮಿಳುನಾಡಿನ ಅರವಿಂದ ಕಣ್ಣಾಸ್ಪತ್ರೆಗಳವರು. ಎಲ್ಲರಿಗೂ ಮೊದಲು 48 ಗಂಟೆ ಆಂಟಿಬಯೋಟಿಕ್ ಕೊಟ್ಟು, ನಂತರ ಅರ್ಧದಷ್ಟು ಮಂದಿಗೆ ಮಾತ್ರ ಸ್ಟೆರಾಯ್ಡ್ ಸೇರಿಸಲಾಯಿತು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳ ಬಳಿಕ ಎರಡೂ ಗುಂಪಿನ ದೃಷ್ಟಿಯಲ್ಲಿ ಒಟ್ಟಾರೆ ವ್ಯತ್ಯಾಸವಿರಲಿಲ್ಲ. ಆರಂಭದಲ್ಲೇ ದೃಷ್ಟಿ ತೀರಾ ಕುಂದಿದ್ದವರಿಗೆ ಮಾತ್ರ ಸ್ವಲ್ಪ ಅನುಕೂಲ ಕಂಡಿತು. ಇನ್ನು ಹೊಲಗದ್ದೆಯ ಗಾಯಗಳಲ್ಲಿ ಹೆಚ್ಚಾಗಿ ಕಾಣುವ ಶಿಲೀಂಧ್ರ ಸೋಂಕಿಗೆ ಸ್ಟೆರಾಯ್ಡ್ ಬಿದ್ದರೆ ಬೆಂಕಿಗೆ ತುಪ್ಪ ಸುರಿದಂತೆಯೇ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರುವ ಹನಿಯ ಅಪಾಯ ಇರುವುದು ಇಲ್ಲಿಯೇ.

ಮನೆಯವರ ಪಾಲು

* ಕಣ್ಣಿಗೆ ಬಟ್ಟೆ, ಪಟ್ಟಿ ಕಟ್ಟಬೇಡಿ. ಒಳಗಿನ ಬಿಸುಪಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬೆಳಕು ತಡೆಯಲು ಕಪ್ಪು ಕನ್ನಡಕ ಸಾಕು.

* ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಬೇಡ.

* ಒಂದು ಹನಿಗೂ ಇನ್ನೊಂದಕ್ಕೂ ಐದು ನಿಮಿಷ ಬಿಡಿ. ಇಲ್ಲದಿದ್ದರೆ ಮೊದಲನೆಯದು ತೊಳೆದುಹೋಗುತ್ತದೆ. ಶೀಶೆಯ ತುದಿ ಕಣ್ಣಿಗೆ ತಾಗದಿರಲಿ.

* ರಾತ್ರಿ ಅಲಾರಾಂ ಇಟ್ಟು, ತಂದೆ ತಾಯಿ ಸರದಿಯಂತೆ ಎದ್ದು ಹನಿ ಹಾಕಿ.

* ಕಾಂಟ್ಯಾಕ್ಟ್ ಲೆನ್ಸ್ ಕೂಡಲೇ ತೆಗೆಯಿರಿ. ಅದನ್ನೂ ಡಬ್ಬಿಯನ್ನೂ ಎಸೆಯದೆ ವೈದ್ಯರಲ್ಲಿಗೆ ಒಯ್ಯಿರಿ, ಪರೀಕ್ಷೆಗೆ ಬೇಕಾಗಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಕಾರ್ನಿಯಾಕ್ಕೆ ಗೀರು ಬಿದ್ದವರಿಗೆ ಮೂರು ದಿನ ಆಂಟಿಬಯೋಟಿಕ್ ಮುಲಾಮು ಹಚ್ಚಿದರು. ಗಾಯವಾದ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ ಎಂದು 2001ರಲ್ಲಿ ಪ್ರಕಟವಾದ ಅವರ ವರದಿ ಹೇಳುತ್ತದೆ. ಮಗುವಿನ ಕಣ್ಣಿಗೆ ಏನಾದರೂ ತಾಗಿ ನೋವು ನಿಲ್ಲದಿದ್ದರೆ, ನಾಳೆ ನೋಡೋಣ ಎನ್ನದೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ.