ಮೀನಿನ ತೊಟ್ಟಿಗೆ ಮರದ ಪೀಠ



ಪಡಸಾಲೆಯಲ್ಲಿ ಗಾಜಿನ ತೊಟ್ಟಿಯೊಂದನ್ನಿಟ್ಟು ಬಣ್ಣದ ಮೀನುಗಳನ್ನು ಸಾಕುವುದು ಬಹು ಸೊಗಸಾದ ಹವ್ಯಾಸ. ತೊಟ್ಟಿ ಚಿಕ್ಕದಾದರೆ ಗಟ್ಟಿಯಾದ ಮೇಜೊಂದಿದ್ದರೆ ಸಾಕು. ದೊಡ್ಡದಾದರೆ ಮಾತು ಬೇರೆ. ಆಗ ಅದರ ಕೆಳಗಿನ ಪೀಠವನ್ನು ಒಂದು ಸಣ್ಣ ಕಟ್ಟಡವೆಂದೇ ಭಾವಿಸತಕ್ಕದ್ದು. ಅದೇಕೆಂಬುದನ್ನು ಮೊದಲು ಲೆಕ್ಕದಿಂದ ತಿಳಿಯೋಣ.

4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಲ್ಲಿ 12 ಘನ ಅಡಿ, ಎಂದರೆ ಸುಮಾರು 340 ಲೀಟರ್ ನೀರು ಹಿಡಿಯುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಗಾಜು, ಮರಳು, ಕಲ್ಲುಗಳನ್ನು ಕೂಡಿಸಿದರೆ ಒಟ್ಟು ಭಾರ ನಾಲ್ಕೂವರೆ ಕ್ವಿಂಟಲ್ ಸಮೀಪಕ್ಕೆ ಬರುತ್ತದೆ. 50 ಕಿಲೋಗ್ರಾಂ ತೂಕದ ಒಂಬತ್ತು ಅಕ್ಕಿಯ ಚೀಲಗಳನ್ನು ಒಂದರ ಮೇಲೊಂದು ಒಟ್ಟಿದಂತಾಯಿತು. ಅದೂ ಒಂದೆರಡು ದಿನಕ್ಕಲ್ಲ, ಹಗಲಿರುಳು ವರ್ಷಗಟ್ಟಲೆ. ಬಿಡುವಿಲ್ಲದ ಭಾರಕ್ಕೆ ಸಿಕ್ಕಿದ ಮರವು ಮೆಲ್ಲಮೆಲ್ಲನೆ ಬಾಗುತ್ತ ಹೋಗುತ್ತದೆ. ಆದುದರಿಂದ ಪೀಠವು ಮೊದಲ ದಿನ ತಾಳಿತೆಂದು ನಿಶ್ಚಿಂತರಾಗುವಂತಿಲ್ಲ. ಅದು ಸೋತರೆ ಮೀನುಗಳ ಪ್ರಾಣ ಹೋಗುವುದಲ್ಲದೆ, ಒಡೆದ ಗಾಜು, ನೀರು, ವಿದ್ಯುತ್ತು ಮೂರೂ ಒಂದೇ ಕಡೆ ಕೂಡುತ್ತವೆ. ಮಕ್ಕಳಿರುವ ಮನೆಯಲ್ಲಿ ಇದು ಸಾಮಾನ್ಯವಾದ ಅಪಾಯವಲ್ಲ.

ಹಾಗಾದರೆ ಮರಕ್ಕೆ ಇಷ್ಟು ಬಲವಿಲ್ಲವೆ? ಧಾರಾಳವಾಗಿದೆ. ಚೆನ್ನಾಗಿ ಒಣಗಿದ ಸಾಗವಾನಿಯ ಗಿಡ್ಡ ಕಾಲೊಂದು, 2 ಅಂಗುಲಕ್ಕೆ 4 ಅಂಗುಲದ್ದಾದರೂ, ನೆಟ್ಟಗೆ ನಿಂತಾಗ ಎರಡು ಟನ್ನಿಗೂ ಮಿಗಿಲಾದ ಭಾರವನ್ನು ಹೊರಬಲ್ಲದು. ನಮ್ಮ ತೊಟ್ಟಿಯ ಪಾಲಿಗೆ ಒಂದೊಂದು ಕಾಲಿನ ಮೇಲೆ ಬೀಳುವುದು ಸುಮಾರು 112 ಕಿಲೋಗ್ರಾಂ ಮಾತ್ರ. ಸೋಲುವುದು ಸಾಮಾನ್ಯವಾಗಿ ಮರವಲ್ಲ, ಸಂದು. ಅಡ್ಡತೊಲೆಯನ್ನು ಕಾಲಿನ ಪಕ್ಕಕ್ಕೆ ಒತ್ತಿ ಹಿಡಿದು ನಾಲ್ಕು ಸ್ಕ್ರೂ ಬಿಗಿದರೆ ಭಾರವೆಲ್ಲ ಆ ಸ್ಕ್ರೂಗಳಿಗೆ ಜೋತುಬೀಳುತ್ತದೆ.

ಧಾರವಾಡದ ಮಾಳಮಡ್ಡಿಯಂಥ ಬಡಾವಣೆಯಲ್ಲಿ ಇಂದಿಗೂ ಉಳಿದಿರುವ ಹಳೆಯ ಮನೆಗಳನ್ನು ಹೊಕ್ಕು ನೋಡಿರಿ. ಕಂಬದ ಮನೆ ಸಿಕ್ಕಿದರೆ ಅಲ್ಲಿಯೇ ಪಾಠವಿದೆ. ಅಡಿಗಲ್ಲಿನ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಭಾರವು ಮರದಿಂದ ಮರಕ್ಕೆ ಇಳಿದು ಕಲ್ಲನ್ನು ಸೇರುತ್ತದೆ. ಅದನ್ನು ಹೊರುವ ಕೆಲಸ ಮೊಳೆಗೆ ಬೀಳುವುದಿಲ್ಲ. ಮೀನಿನ ತೊಟ್ಟಿಯ ಪೀಠಕ್ಕೂ ಇದೇ ನಿಯಮ: ಭಾರ ಹೊರುವುದು ಮರದ ಕೆಲಸ, ಮರವನ್ನು ಕದಲದಂತೆ ಹಿಡಿಯುವುದು ಸ್ಕ್ರೂವಿನ ಕೆಲಸ.

ಇನ್ನು ಮಾಡುವ ಕ್ರಮ. 4 ಅಂಗುಲ ಚೌಕದ ನಾಲ್ಕು ಕಾಲುಗಳ ತಲೆಯಲ್ಲಿ ಹೊರಬದಿಗೆ 2 ಅಂಗುಲ ಆಳ, 4 ಅಂಗುಲ ಎತ್ತರದ ಕಚ್ಚು ತೆಗೆಯಬೇಕು. 2 ಅಂಗುಲ ದಪ್ಪ, 4 ಅಂಗುಲ ಅಗಲದ ಉದ್ದ ತೊಲೆಗಳೆರಡು ಆ ಕಚ್ಚುಗಳಲ್ಲಿ ಕುಳಿತುಕೊಳ್ಳಲಿ. ತೊಲೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿರಿ. ಅದೇ ಮರ ಬಾಗದಿರುವ ಗುಣದಲ್ಲಿ ನಾಲ್ಕು ಪಟ್ಟು ಮೇಲಾಗುತ್ತದೆ. ನಡುವಣ ಅಡ್ಡಪಟ್ಟಿಗಳನ್ನೂ ತೊಲೆಗಳಲ್ಲಿ ಕಚ್ಚು ತೆಗೆದೇ ಕೂರಿಸಿ, ಮೇಲೆ ಮುಕ್ಕಾಲು ಅಂಗುಲದ ಪ್ಲೈವುಡ್ ಹಲಗೆ ಹಾಸಬೇಕು. ಚೌಕವಾದ ಚೌಕಟ್ಟು ಪಕ್ಕಕ್ಕೆ ತಳ್ಳಿದರೆ ವಾಲುತ್ತದೆ, ತ್ರಿಕೋನ ವಾಲದು. ಆದಕಾರಣ ಹಿಂಬದಿಗೂ ಎರಡು ಪಕ್ಕಗಳಿಗೂ ಓರೆಪಟ್ಟಿಯನ್ನಾಗಲಿ ಅಖಂಡವಾದ ಹಲಗೆಯನ್ನಾಗಲಿ ಬಿಗಿಯುವುದು ಅವಶ್ಯ.

ಸಾಗವಾನಿ ದುಬಾರಿಯೆನಿಸಿದರೆ ಮತ್ತಿಯ ಮರವೂ ಆಗಬಹುದು. ಯಾವುದಾದರೂ ಹಸಿಯಾಗಿರಬಾರದು. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲುಗಳು ಉಬ್ಬಿ ಮುಚ್ಚದಿರುವುದನ್ನು ಎಲ್ಲರೂ ಕಂಡಿದ್ದೇವೆ. ಪೀಠವೂ ಹಾಗೆಯೇ ತೇವವನ್ನು ಹೀರುವುದರಿಂದ, ಒಳಹೊರಗೆಲ್ಲ ವಾರ್ನಿಷ್ ಬಳಿಯಬೇಕು. ಕಾಲಿನ ತುದಿಗಳನ್ನಂತೂ ಮರೆಯಬಾರದು, ಕೊಯ್ದ ತುದಿಯೇ ಎಲ್ಲಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ.

ಕೊನೆಯದು ನೆಲ. ಮಡ್ಡಿಯೆಂದರೆ ನಮ್ಮ ಕಡೆ ಕಲ್ಲು ಬೆರೆತ ಗಟ್ಟಿಯಾದ ಎತ್ತರದ ನೆಲ. ಅಂಥಲ್ಲಿ ಕೆಳಮನೆಯ ಫರಸಿಯ ಮೇಲೆ ಚಿಂತೆ ಕಡಿಮೆ. ಮರದ ಜಂತಿಗಳಿರುವ ಮಾಳಿಗೆಯಾದರೆ ತಿಳಿದ ಎಂಜಿನಿಯರರನ್ನು ಕೇಳದೆ ದೊಡ್ಡ ತೊಟ್ಟಿಯನ್ನು ಏರಿಸಬೇಡಿರಿ. ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು ನೋಡಿರಿ. ಒಂದು ಕಾಲು ಗಿಡ್ಡವಾದರೂ ಗಾಜಿನ ಮೇಲೆ ತಿರುಚು ಬಿದ್ದು ಸೀಳುವ ಭಯವುಂಟು. ಅಂಚುಕಟ್ಟಿಲ್ಲದ ಬರಿಯ ಗಾಜಿನ ತೊಟ್ಟಿಯಾದರೆ ಅಡಿಗೆ ತೆಳುವಾದ ಥರ್ಮೊಕೋಲ್ ಹಾಳೆ ಹಾಸಬಹುದು. ಅದು ಹಲಗೆಯ ಸಣ್ಣ ಉಬ್ಬುತಗ್ಗುಗಳನ್ನು ನುಂಗಿಕೊಳ್ಳುತ್ತದೆಯೇ ಹೊರತು ಸೊಟ್ಟಾದ ಪೀಠವನ್ನು ನೇರಮಾಡಲಾರದು.

ನೀರನ್ನು ಒಮ್ಮೆಲೇ ತುಂಬದೆ ಮೂರನೆಯ ಒಂದು ಪಾಲು ತುಂಬಿ, ಒಂದು ದಿನ ಬಿಟ್ಟು, ಮತ್ತೆ ರಸಮಟ್ಟ ಹಿಡಿಯಿರಿ. ಹೀಗೆ ಮೂರು ದಿನವೂ ಅದರ ಗುಳ್ಳೆ ನಡುವಿನಿಂದ ಸರಿಯದಿದ್ದರೆ ಬಡಿಗನ ಕೆಲಸ ಮುಗಿಯಿತೆಂದು ತಿಳಿಯಬಹುದು. ಮೀನುಗಳನ್ನು ತರುವ ಮಾತು ಆಮೇಲಿನದು.